ಪ್ಲಗ್ಗಿನ ಮೂರನೇ ತೂತು

ಮಕ್ಕಳೇ, ಈ ವಾರದ ಮಾತು ಶುರು ಮಾಡುವ ಮೊದಲು ನಿಮಗೊಂದು ಸಣ್ಣ ಕೆಲಸ. ಪತ್ರಿಕೆಯನ್ನು ಅಲ್ಲೇ ಮಗುಚಿಟ್ಟು ಮನೆಯೊಳಗೆ ಒಂದು ಸುತ್ತು ಹಾಕಿ ಬನ್ನಿ. ಟಿವಿ, ಫ್ರಿಜ್, ಮಿಕ್ಸಿ, ನೀರಿನ ಮೋಟರು ಇವುಗಳ ಪ್ಲಗ್ ಹಾಕುವ ಜಾಗ ನೋಡಿ. ಮುಟ್ಟಬೇಡಿ, ಕಣ್ಣಿನಿಂದ ನೋಡಿದರೆ ಸಾಕು. ಎಷ್ಟಕ್ಕೆ ಎರಡು ತೂತು, ಎಷ್ಟಕ್ಕೆ ಮೂರು ತೂತು ಎಂದು ಎಣಿಸಿ. ಐದು ತೂತಿನವು ಸಿಕ್ಕರೆ ಮೂರರ ಲೆಕ್ಕಕ್ಕೇ ಹಾಕಿ.

ಮೂರರಲ್ಲಿ ಮೇಲಿನ ತೂತು ಉಳಿದೆರಡಕ್ಕಿಂತ ದೊಡ್ಡದು. ಪ್ಲಗ್ಗಿನಲ್ಲೂ ಆ ಪಿನ್ನು ದಪ್ಪ, ಉದ್ದ. ಅದಕ್ಕೆ ಕಾರಣ ಇದೆ. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಅದೇ ತಾಗಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಅದೇ ಬಿಡಬೇಕು. ಕರೆಂಟು ಒಳಗೆ ಬರುವ ಮೊದಲೇ ಕಾವಲುಗಾರ ಬಾಗಿಲಲ್ಲಿ ನಿಂತಿರಲಿ ಎಂದು ಮಾಡಿದ ಏರ್ಪಾಡು ಅದು. ಆ ತೂತಿನ ಹಿಂದಿನ ಹಸಿರು ತಂತಿ ಗೋಡೆಯೊಳಗೆ ಇಳಿದು, ಅಂಗಳ ದಾಟಿ, ನೆಲದೊಳಗೆ ಹೂತ ಕೊಳವೆಗೆ ಸೇರಬೇಕು. ಅದಕ್ಕೇ ಅರ್ಥಿಂಗ್ ಅನ್ನುವುದು.

ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ತೂತು ಮೂರಿರುತ್ತದೆ, ತಂತಿ ಮಾತ್ರ ಎರಡೇ ಇರುತ್ತದೆ. ಕಾವಲುಗಾರನ ಕುರ್ಚಿ ಇದೆ, ಕಾವಲುಗಾರ ಇಲ್ಲ. ಮನೆಯ ಸಾಮಾನು ಸುಡುವ ಕಥೆ ಬಹಳ ಸಲ ಶುರುವಾಗುವುದು ಅಲ್ಲಿಂದಲೇ.

ನಮ್ಮ ಓಣಿಯಲ್ಲಿ ಒಂದು ಬೇಸಿಗೆ ಸಂಜೆ ಗಾಳಿ ಎದ್ದು ಕಂಬದ ಮೇಲಿನ ಒಂದು ತಂತಿ ಕಡಿಯಿತು. ಮರುದಿನ ನೋಡಿದರೆ ನಾಲ್ಕಾರು ಮನೆಗಳಲ್ಲಿ ಟಿವಿ ಇಲ್ಲ, ಸೆಟ್‌ಟಾಪ್ ಬಾಕ್ಸ್ ಇಲ್ಲ, ಎಲ್‌ಇಡಿ ಬಲ್ಬುಗಳು ಸಾಲಾಗಿ ಸುಟ್ಟಿವೆ. ಪಕ್ಕದ ಮನೆಯ ಎಂಟನೆಯ ಇಯತ್ತೆಯ ಹುಡುಗಿ ಬಂದು ಕೇಳಿದಳು:

“ಅಜ್ಜಾರ, ನಮ್ಮ ಮನ್ಯಾಗ ಸ್ಟೆಬಿಲೈಜರ್ ಐತ್ರಿ. ಆದ್ರೂ ಟಿವಿ ಯಾಕ ಸುಟ್ಟು ಹೋತ್ರಿ?”

“ಸ್ಟೆಬಿಲೈಜರ್ ಯಾವುದಕ್ಕ ಹಾಕೀರವ್ವ?”

“ಫ್ರಿಜ್ಜಿಗ್ರಿ.”

“ಮತ್ತ ಟಿವಿಗೆ?”

“ಅದಕ್ಕ ಕೆಂಪು ಲೈಟಿನ ಬೋರ್ಡ್ ಐತ್ರಿ.”

ಅವಳ ಪ್ರಶ್ನೆ ಎಲ್ಲ ಮನೆಯವರದೂ ಹೌದು. ಯಾವುದೋ ಒಂದು ಪೆಟ್ಟಿಗೆ ತಂದಿಟ್ಟರೆ ಇಡೀ ಮನೆಗೆ ರಕ್ಷಣೆ ಸಿಕ್ಕಿತು ಎಂದು ನಾವು ನಂಬುತ್ತೇವೆ. ಕರೆಂಟಿಗೆ ಬರುವ ರೋಗ ಒಂದೇ ಅಲ್ಲ. ಔಷಧವೂ ಒಂದೇ ಅಲ್ಲ.

ಕರೆಂಟಿನ ಕಾಲುವೆ

ಕನ್ನಡ ನಾಡಿನಲ್ಲಿ ಕರೆಂಟಿಗೂ ಚಿನ್ನಕ್ಕೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಯಾವ ಊರಿನ ದೀಪಕ್ಕೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ನಮ್ಮ ಹಟ್ಟಿಯ ಗಣಿ ಕಂಪನಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಹುಟ್ಟಿತು, 1956ರಲ್ಲಿ ಹಟ್ಟಿಯ ಹೆಸರು ಪಡೆಯಿತು. ಯಂತ್ರಗಳಿಗೆ ಮೊದಲು, ಮನೆಗಳಿಗೆ ಆಮೇಲೆ.

ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಇರುವ ನಮ್ಮ ಕಡೆಯ ಮನೆಗಳಿಗೆ ಕರೆಂಟು ಬಂದಾಗ ಬೇಕಾಗಿದ್ದು ಎರಡು ಬಲ್ಬು, ಹೆಚ್ಚೆಂದರೆ ಒಂದು ರೇಡಿಯೋ. ಮರದ ಪಟ್ಟಿ ಹೊಡೆದು, ಅದರ ಮೇಲೆ ಅಲ್ಯೂಮಿನಿಯಂ ತಂತಿ ಎಳೆದು, ಬಾಗಿಲ ಪಕ್ಕದಲ್ಲಿ ಪಿಂಗಾಣಿ ಫ್ಯೂಜು ಕೂಡಿಸಿದರೆ ಕೆಲಸ ಮುಗಿಯಿತು. ಆ ವೈರಿಂಗು ಆ ಕಾಲದ ಸಾಮಾನಿಗೆ ಸರಿಯಾಗಿಯೇ ಇತ್ತು. ಹಳೆಯ ಬಲ್ಬಿಗೆ ವೋಲ್ಟೇಜ್ ಇಳಿದರೆ ಮಂಕಾಗುತ್ತಿತ್ತು, ಏರಿದರೆ ಬೇಗ ಸಾಯುತ್ತಿತ್ತು. ಸತ್ತರೆ ಹೋದದ್ದು ಒಂದು ಬಲ್ಬು ಅಷ್ಟೆ.

ಈಗ ಅದೇ ತಂತಿಗೆ ಟಿವಿ, ಫ್ರಿಜ್, ವಾಷಿಂಗ್ ಮಷಿನ್, ಮೊಬೈಲ್ ಚಾರ್ಜರ್ ಎಲ್ಲ ಜೋತು ಬಿದ್ದಿವೆ. ಇವುಗಳ ಒಳಗಿನ ಚಿಪ್ಪುಗಳು 5 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಕೆಲಸ ಮಾಡುವಂಥವು. ಗೋಡೆಯಲ್ಲಿ ಬರುವುದು 230. ನಡುವೆ ಒಂದು ಸಣ್ಣ ಸರ್ಕ್ಯೂಟು ನಿಂತು ಅದನ್ನು ಇಳಿಸಿ ಕೊಡುತ್ತದೆ. ಪೆಟ್ಟು ಬಿದ್ದರೆ ಮೊದಲು ಸಾಯುವುದು ಅದು.

“ರಾಯಚೂರು ಜಿಲ್ಲೆಯಲ್ಲೇ ಕರೆಂಟು ಹುಟ್ಟುತ್ತದೆ, ನಮಗೇಕೆ ಈ ಏರುಪೇರು?” ಎಂದು ಕೇಳುವವರು ಬಹಳ. ನಿಜ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲೇ ಶುರುವಾಯಿತು. ಅದರ ಸಾಮರ್ಥ್ಯ 1720 ಮೆಗಾವ್ಯಾಟ್. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ನಡುವಿನ 765 ಕಿಲೋವೋಲ್ಟ್ ಲೈನು ಜೋಡಣೆಯಾಗಿ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಸೇರಿಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಕರೆಂಟಿನ ಮಿಡಿತ ಒಂದೇ, ಸೆಕೆಂಡಿಗೆ 50 ಸಲದ ಆಸುಪಾಸು.

ಮಿಡಿತ ದೇಶಕ್ಕೆಲ್ಲ ಒಂದೇ ಆದರೂ ವೋಲ್ಟೇಜ್ ಆಯಾ ಓಣಿಯದು. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣೆಕಟ್ಟು ತುಂಬಿದ್ದರೂ ಕೊನೆ ಭಾಗದ ರೈತನ ಹೊಲಕ್ಕೆ ನೀರು ಸಣ್ಣಗೆ ಬರುತ್ತದೆ. ನಡುವೆ ಎಷ್ಟು ಜನ ಎತ್ತಿಕೊಂಡರು, ಕಾಲುವೆ ಎಲ್ಲಿ ಸೋರಿತು ಎಂಬುದರ ಮೇಲೆ ಅವನ ಪಾಲು ನಿಂತಿದೆ. ಕರೆಂಟೂ ಹಾಗೆಯೇ. ಟಿಸಿ ಪಕ್ಕದ ಮನೆಗೆ ಒಂದು ವೋಲ್ಟೇಜ್, ಕೊನೆಯ ಕಂಬದ ಮನೆಗೆ ಇನ್ನೊಂದು. ನಡುವೆ ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ ಇದ್ದರಂತೂ ಅವರು ಸ್ವಿಚ್ ಹಾಕಿದಾಗೊಮ್ಮೆ ನಿಮ್ಮ ದೀಪ ಕಣ್ಣು ಮಿಟುಕಿಸುತ್ತದೆ.

ನಾಲ್ಕು ರೋಗ

ನಿಯಮದ ಪ್ರಕಾರ ಮನೆಯ 230 ವೋಲ್ಟ್ ಶೇಕಡಾ 6ರಷ್ಟು ಮೇಲೆ ಕೆಳಗೆ ಆಗಬಹುದು. ಅಂದರೆ ಸುಮಾರು 216ರಿಂದ 244. ಅದರಾಚೆ ಹೋದರೆ ರೋಗ.

ಮೊದಲನೆಯದು ವೋಲ್ಟೇಜ್ ಇಳಿಯುವುದು. ಇದರಿಂದ ಸಂಕಟಪಡುವವು ಮೋಟರು ಇರುವ ಸಾಮಾನುಗಳು. ಫ್ರಿಜ್ಜಿನ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ. ಸ್ಟೆಬಿಲೈಜರ್ ಕೆಲಸಕ್ಕೆ ಬರುವುದು ಇಲ್ಲಿ. ಟಿವಿಗೆ ಇದು ಅಷ್ಟು ದೊಡ್ಡ ರೋಗವಲ್ಲ. ಟಿವಿ ಹಿಂದಿನ ಚೀಟಿ ಓದಿ, ಬಹಳಷ್ಟರಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಇಳಿದರೂ ಅದು ನಡೆಯುತ್ತದೆ. ಏರಿದರೆ ಮಾತ್ರ ತಾಳುವುದಿಲ್ಲ.

ಎರಡನೆಯದು ಕರೆಂಟು ಹೋಗಿ ಬರುವಾಗಿನ ಧಕ್ಕೆ. ಹೋದ ಕರೆಂಟು ಬಂದ ಕ್ಷಣದಲ್ಲಿ ಓಣಿಯ ಎಲ್ಲ ಮೋಟರುಗಳು ಒಟ್ಟಿಗೆ ಏಳುತ್ತವೆ, ಲೈನು ಒಮ್ಮೆ ಜಗ್ಗುತ್ತದೆ. ಕರೆಂಟು ಹೋದ ಕೂಡಲೇ ಫ್ರಿಜ್, ಟಿವಿಗಳ ಸ್ವಿಚ್ ತೆಗೆದು, ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕಿ. ಫ್ರಿಜ್ಜಿನೊಳಗಿನ ಅನಿಲದ ಒತ್ತಡ ಸಮವಾಗಲಿಕ್ಕೂ ಮೂರು ನಿಮಿಷವಾದರೂ ಬೇಕು. ಇದಕ್ಕೆ ಖರ್ಚಿಲ್ಲ.

ಮೂರನೆಯದು ಸಿಡಿಲು ಮತ್ತು ದೊಡ್ಡ ಸ್ವಿಚ್ಚುಗಳ ಹೊಡೆತ. ಕಣ್ಣು ಮಿಟುಕಿಸುವ ಹೊತ್ತಿನ ಸಣ್ಣದೊಂದು ಪಾಲಿನಲ್ಲಿ ಸಾವಿರಾರು ವೋಲ್ಟ್ ಬಂದು ಹೋಗುತ್ತದೆ. ಸಿಡಿಲು ನಿಮ್ಮ ಮನೆಗೇ ಬೀಳಬೇಕಿಲ್ಲ. ದೂರದ ಲೈನಿನ ಹತ್ತಿರ ಬಿದ್ದರೂ ತಂತಿ ಹಿಡಿದು ಬರುತ್ತದೆ.

ನಾಲ್ಕನೆಯದು ನಮ್ಮ ಓಣಿಗೆ ಬಂದ ರೋಗ, ನ್ಯೂಟ್ರಲ್ ಕಡಿಯುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು.

400ನ್ನು ಹನ್ನೊಂದು ಪಾಲು ಮಾಡಿ

ಕಂಬದ ಮೇಲೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್. ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್. ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400. ನಿಮ್ಮ ಮನೆಗೆ ಒಂದು ಫೇಸ್, ಎದುರು ಮನೆಗೆ ಇನ್ನೊಂದು ಫೇಸ್ ಇರಬಹುದು. ಇಬ್ಬರಿಗೂ ನ್ಯೂಟ್ರಲ್ ಒಂದೇ.

ಆ ನ್ಯೂಟ್ರಲ್ ಟಿಸಿ ಹತ್ತಿರ ಕಡಿದರೆ ಏನಾಗುತ್ತದೆ? ಕರೆಂಟು ನಿಮ್ಮ ಮನೆಯೊಳಗೆ ಬಂದು, ಹಿಂದೆ ಹೋಗಲು ದಾರಿ ಕಾಣದೆ ಎದುರು ಮನೆಯೊಳಗೆ ಹೊಕ್ಕು ಅವರ ಫೇಸಿಗೆ ಸೇರುತ್ತದೆ. ಎರಡು ಮನೆ ಒಂದೇ ಸರದ ಎರಡು ಮಣಿಗಳಂತಾಗಿ, 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ನ್ಯಾಯವಾಗಿ ಆಗುವುದಿಲ್ಲ.

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಎದುರು ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ನಡೆದಿದೆ. ನಿಮ್ಮ ಮನೆಯಲ್ಲಿ ಎಲ್ಲ ಸೇರಿ 100 ವ್ಯಾಟ್. ಕಡಿಮೆ ವ್ಯಾಟಿನ ಸಾಮಾನು ಕರೆಂಟಿಗೆ ಹೆಚ್ಚು ತಡೆ ಒಡ್ಡುತ್ತದೆ, ಇಲ್ಲಿ ಹತ್ತು ಪಟ್ಟು. ತಡೆ ಹೆಚ್ಚಿದ್ದಲ್ಲಿ ವೋಲ್ಟೇಜ್ ಹೆಚ್ಚು. 400ನ್ನು ಹನ್ನೊಂದು ಪಾಲು ಮಾಡಿದರೆ ಒಂದು ಪಾಲಿಗೆ ಸುಮಾರು 36. ಇಸ್ತ್ರಿ ಪೆಟ್ಟಿಗೆಗೆ ಒಂದು ಪಾಲು, 36 ವೋಲ್ಟ್. ನಿಮಗೆ ಹತ್ತು ಪಾಲು, ಸುಮಾರು 364 ವೋಲ್ಟ್! ನಿಜವಾದ ಓಣಿಯಲ್ಲಿ ಮನೆಗಳು ಹೆಚ್ಚು, ಲೆಕ್ಕ ತೊಡಕು. ಆದರೆ ನೀತಿ ಅದೇ: ಮಿತವಾಗಿ ಕರೆಂಟು ಬಳಸುವ ಮನೆಗೇ ಪೆಟ್ಟು ಜಾಸ್ತಿ.

ಇದರ ಗುರುತು ಮನೆಯವರೆಲ್ಲರಿಗೂ ಗೊತ್ತಿರಬೇಕು. ದೀಪ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿಯುತ್ತದೆ, ಫ್ಯಾನ್ ಹುಚ್ಚು ಓಟ ಓಡುತ್ತದೆ, ಅಥವಾ ಎಲ್ಲ ಒಮ್ಮೆಲೇ ಮಂಕಾಗುತ್ತದೆ. ಆಗ ಒಂದೊಂದೇ ಪ್ಲಗ್ ಕೀಳುತ್ತ ಓಡಾಡಬೇಡಿ. ದೊಡ್ಡವರು ನೇರವಾಗಿ ಮೇನ್ ಸ್ವಿಚ್ ಇಳಿಸಬೇಕು. ಆಮೇಲೆ 1912ಕ್ಕೆ ಫೋನ್ ಮಾಡಿ, ನ್ಯೂಟ್ರಲ್ ಹೋದ ಹಾಗಿದೆ ಎಂದು ಸ್ಪಷ್ಟವಾಗಿ ಹೇಳಿ. “ಕರೆಂಟು ಸರಿ ಇಲ್ಲ” ಅನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಕಡಿದು ಬಿದ್ದ ತಂತಿ ಕಂಡರೆ ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ.

ಕೋಡಿ ಇದ್ದರೆ ಹಳ್ಳವೂ ಬೇಕು

ಈಗ ಆ ಕೆಂಪು ಲೈಟಿನ ಬೋರ್ಡಿಗೆ ಬರೋಣ. ಸ್ಪೈಕ್ ಗಾರ್ಡ್ ಎಂದು ಮಾರುವ ಒಳ್ಳೆಯ ಬೋರ್ಡಿನೊಳಗೆ ಒಂದು ಬಿಲ್ಲೆ ಇರುತ್ತದೆ. ಸತುವಿನ ಆಕ್ಸೈಡಿನಿಂದ ಮಾಡಿದ್ದು, ಹೆಸರು ವೇರಿಸ್ಟರ್. ಮಾಮೂಲಿ ವೋಲ್ಟೇಜಿನಲ್ಲಿ ಅದು ಮುಚ್ಚಿದ ಬಾಗಿಲು. ವೋಲ್ಟೇಜ್ ಮಿತಿ ಮೀರಿದರೆ ಥಟ್ಟನೆ ತೆರೆದು ಹೆಚ್ಚಿನದನ್ನು ಪಕ್ಕಕ್ಕೆ ಹಾಯಿಸುತ್ತದೆ. ಕೆರೆಯ ಕೋಡಿ ಇದ್ದ ಹಾಗೆ. ಇದೇ ಕೆಲಸವನ್ನು ಇಡೀ ಮನೆಗೆ ಮಾಡುವ ದೊಡ್ಡ ಸಾಧನಕ್ಕೆ ಎಸ್‌ಪಿಡಿ ಅನ್ನುತ್ತಾರೆ. ಅದನ್ನು ಮೀಟರಿನ ನಂತರ, ಮುಖ್ಯ ಬೋರ್ಡಿನಲ್ಲೇ ಕೂಡಿಸುತ್ತಾರೆ.

ಕೋಡಿ ಹರಿದ ನೀರಿಗೆ ಹಳ್ಳ ಬೇಕಲ್ಲವೇ? ಹಳ್ಳ ಇಲ್ಲದಿದ್ದರೆ ಅದು ಊರೊಳಗೇ ನುಗ್ಗುತ್ತದೆ. ಇಲ್ಲಿ ಹಳ್ಳ ಎಂದರೆ ಅರ್ಥಿಂಗ್. ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಎಷ್ಟು ಬೆಲೆಯ ಬೋರ್ಡೂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಕೆಂಪು ಲೈಟು ಹೇಳುವುದು ಕರೆಂಟು ಇದೆ ಎಂದು ಮಾತ್ರ. ರಕ್ಷಣೆ ಇದೆ ಎಂದಲ್ಲ.

ಇನ್ನೊಂದು ಮಾತು. ಕೋಡಿ ಇರುವುದು ಒಂದು ಗಳಿಗೆಯ ಪ್ರವಾಹಕ್ಕೆ. ನ್ಯೂಟ್ರಲ್ ಕಡಿದು 364 ವೋಲ್ಟ್ ಹತ್ತು ನಿಮಿಷ ಹರಿದರೆ ಆ ಬಿಲ್ಲೆಯೇ ಸುಟ್ಟು ಹೋಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಆದದ್ದು ಅದೇ. ಅಂಥ ಹೊತ್ತಿನಲ್ಲಿ ತೂಬನ್ನೇ ಮುಚ್ಚಬೇಕು. ಅದಕ್ಕೆ ಬೇರೆ ಸಾಧನ ಇದೆ. ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಅಂಕಿಯಲ್ಲಿ ವೋಲ್ಟೇಜ್ ತೋರಿಸುತ್ತದೆ, ನಿಗದಿ ಮಾಡಿದ ಮಿತಿ ಮೀರಿದರೆ ಇಡೀ ಮನೆಯ ಕರೆಂಟು ಕಡಿಯುತ್ತದೆ, ಸರಿಯಾದ ಮೇಲೆ ಸ್ವಲ್ಪ ಹೊತ್ತು ಕಾದು ತಾನೇ ಕೊಡುತ್ತದೆ.

ಇನ್ವರ್ಟರ್ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಇನ್ವರ್ಟರ್, ಕರೆಂಟು ಇರುವಾಗ ಲೈನಿನ ಕರೆಂಟನ್ನು ಹಾಗೆಯೇ ಒಳಗೆ ಬಿಡುತ್ತದೆ. ಅದು ಕತ್ತಲೆಗೆ ಔಷಧ, ಸಿಡಿಲಿಗಲ್ಲ.

ಹಟ್ಟಿಯ ನೆಲ

ನಮ್ಮ ಕಡೆ ಅರ್ಥಿಂಗ್ ಮಾಡುವುದು ಸುಲಭವಲ್ಲ. ಹಟ್ಟಿ–ಮಸ್ಕಿ ಪಟ್ಟಿಯ ನೆಲ ಚಿನ್ನ ಅಡಗಿಸಿಕೊಂಡ ಕಲ್ಲಿನ ನೆಲ. ಕೊಳವೆಯ ಉದ್ದ ಕಡಿಮೆ ಎಂದರೂ ಎರಡೂವರೆ ಮೀಟರ್ ಇರಬೇಕು. ಎಷ್ಟೋ ಕಡೆ ಮೂರಡಿಗೇ ಹಾರೆ ಠಣ್ ಅನ್ನುತ್ತದೆ. ಅಗೆಯುವವರು ಅಲ್ಲಿಗೇ ನಿಲ್ಲಿಸಿ, ಕೊಳವೆ ಕತ್ತರಿಸಿ ಹೂತು, ಮೇಲೆ ಸಿಮೆಂಟು ಬಳಿದು ಹೋಗಿಬಿಡುತ್ತಾರೆ. ಮೇಲಿಂದ ನೋಡಿದರೆ ಯಾರಿಗೂ ಗೊತ್ತಾಗದು. ಮನೆಯ ಒಬ್ಬರು ಗುಂಡಿಯ ಪಕ್ಕ ನಿಂತು ಆಳ ಅಳೆದು ನೋಡಬೇಕು. ಕಲ್ಲು ಸಿಕ್ಕರೆ ಸಣ್ಣ ಬೋರು ಕೊರೆಸಬೇಕು, ಇಲ್ಲವೇ ಮಣ್ಣು ಆಳವಿರುವ ಬೇರೆ ಜಾಗ ಹುಡುಕಬೇಕು. ಗೋಡೆಯ ಬುಡದಿಂದ ಐದಡಿಯಾದರೂ ದೂರವಿರಲಿ. ಬಚ್ಚಲ ನೀರು ಹರಿಯುವ ಕಡೆ ಮಣ್ಣು ತಂಪಾಗಿರುತ್ತದೆ, ಅಲ್ಲಿ ಆದರೆ ಒಳ್ಳೆಯದು.

ಕೊಳವೆಯ ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೆಯ ಪದ್ಧತಿ. ಉಪ್ಪು ಕೊಳವೆಯನ್ನು ನಿಧಾನವಾಗಿ ತಿನ್ನುತ್ತದೆ, ಹಾಗಾಗಿ ಈಗ ಬೆಂಟೊನೈಟ್ ಜೇಡಿ ಅಥವಾ ಸಿದ್ಧ ಪುಡಿ ಹಾಕುವುದು ಹೆಚ್ಚಾಗಿದೆ. ಯಾವುದೇ ಆಗಲಿ, ಮಣ್ಣು ತೇವವಿದ್ದರೆ ಮಾತ್ರ ಕರೆಂಟು ನೆಲಕ್ಕೆ ಇಳಿಯುತ್ತದೆ.

ಇಲ್ಲಿಯೇ ನಮ್ಮ ಸೀಮೆಯ ಒಂದು ವಿಪರ್ಯಾಸ ಇದೆ. ಮಳೆಗಾಲಕ್ಕಿಂತ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಅಡ್ಡ ಮಳೆಗಳು ಬರುತ್ತವೆ. ನೆಲ ವರ್ಷದಲ್ಲೇ ಅತಿ ಹೆಚ್ಚು ಒಣಗಿರುವುದೂ ಆಗಲೇ. ಅರ್ಥಿಂಗ್ ಎಂದು ಅತಿ ಹೆಚ್ಚು ಬೇಕೋ ಅಂದೇ ಅದು ಅತಿ ದುರ್ಬಲ. ಆದ್ದರಿಂದ ಶಿವರಾತ್ರಿ ಮುಗಿದ ಮೇಲೆ ಮಳೆ ಹಿಡಿಯುವವರೆಗೆ ವಾರಕ್ಕೆರಡು ಸಲ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿ. ಕೈಕಾಲು ತೊಳೆದ ನೀರಾದರೂ ಆದೀತು. ಆದರೆ ಸಿಡಿಲಿನ ಹೊತ್ತಿನಲ್ಲಿ ಅದರ ಹತ್ತಿರ ಹೋಗಬಾರದು.

ಅರ್ಥಿಂಗ್ ಸರಿ ಇದೆಯೇ ಎಂದು ಇಲೆಕ್ಟ್ರಿಷಿಯನ್ ಮೀಟರ್ ಹಿಡಿದು ಹೇಳಬೇಕು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲ್ಲೋ ತೊಂದರೆ ಇದೆ ಎಂದೇ ಅರ್ಥ.

ಒಂದು ಅಪಾಯದ ಅಡ್ಡದಾರಿ

ಇಲ್ಲಿಯವರೆಗೆ ಟಿವಿ, ಫ್ರಿಜ್ಜಿನ ಮಾತಾಯಿತು. ಇನ್ನು ಮುಂದಿನದು ಜೀವದ ಮಾತು. ಮನೆಯ ಹಿರಿಯರು ಇದನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಅರ್ಥಿಂಗ್ ಇಲ್ಲದ ಮನೆಗೆ ಹೊಸ ಫ್ರಿಜ್ ಬಂದಾಗ ಕೆಲವರು ಹೀಗೆ ಹೇಳುವುದುಂಟು: “ಅರ್ಥ್ ಇಲ್ರಿ ಸರ. ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಕೊಟ್ಟುಬಿಡ್ತೀನಿ, ನಡೀತೈತಿ.” ಮೂರನೇ ತೂತಿಗೂ ನ್ಯೂಟ್ರಲ್ಲಿಗೂ ಬೋರ್ಡಿನೊಳಗೇ ಗಂಟು ಹಾಕಿ ಮುಚ್ಚುತ್ತಾರೆ. ಫ್ರಿಜ್ ನಡೆಯುತ್ತದೆ. ವರ್ಷಗಟ್ಟಲೆ ನಡೆಯುತ್ತದೆ.

ಒಂದು ದಿನ ಆ ಹಳೆಯ ತಂತಿಯಲ್ಲಿ ನ್ಯೂಟ್ರಲ್ ಬಿಡುತ್ತದೆ. ಅಲ್ಯೂಮಿನಿಯಂ ತಂತಿಗೆ ಸ್ಕ್ರೂ ಬುಡದಲ್ಲಿ ಸಡಿಲಾಗುವ ಗುಣ ಇದೆ. ಆಗ ಫೇಸಿನ ಕರೆಂಟು ಫ್ರಿಜ್ಜಿನೊಳಗೆ ಬಂದು, ನ್ಯೂಟ್ರಲ್ ದಾರಿ ಮುಚ್ಚಿದ್ದರಿಂದ ಆ ಗಂಟಿನ ಮೂಲಕ ಫ್ರಿಜ್ಜಿನ ತಗಡಿಗೆ ಹರಿದು ನಿಲ್ಲುತ್ತದೆ. ಫ್ರಿಜ್ ಆರಿದೆ, ಕರೆಂಟು ಹೋಗಿರಬೇಕು ಎಂದುಕೊಂಡು ಬರಿಗಾಲಲ್ಲಿ ಬಂದ ಮಗು ಬಾಗಿಲಿನ ಹಿಡಿ ಮುಟ್ಟುತ್ತದೆ. ಹಿಡಿಯಲ್ಲಿರುವುದು ಪೂರಾ 230 ವೋಲ್ಟ್. ಕಾವಲುಗಾರನ ಕುರ್ಚಿಯಲ್ಲಿ ಕಳ್ಳನನ್ನೇ ಕೂಡಿಸಿದಂತಾಯಿತು. ನಿಮ್ಮ ಮನೆಯಲ್ಲಿ ಇಂಥ ಗಂಟು ಇದೆಯೇ ಎಂದು ಇಲೆಕ್ಟ್ರಿಷಿಯನ್ನನ್ನು ನೇರವಾಗಿ ಕೇಳಿ. ಇದ್ದರೆ ಅದೇ ದಿನ ತೆಗೆಸಿ.

ಫ್ಯೂಜು, ಎಂಸಿಬಿ ಇವು ಮನುಷ್ಯನನ್ನು ಉಳಿಸುವುದಿಲ್ಲ. ಅವು ಇರುವುದು ತಂತಿ ಸುಡದಿರಲಿ ಎಂದು. 16 ಆಂಪಿಯರಿನ ಎಂಸಿಬಿ ಬೀಳಲು 16ಕ್ಕಿಂತ ಹೆಚ್ಚು ಹರಿಯಬೇಕು. ಜೀವ ತೆಗೆಯಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ಜೀವ ಕಾಯುವ ಸಾಧನ ಆರ್‌ಸಿಸಿಬಿ. ಹೋದ ಕರೆಂಟು, ಬಂದ ಕರೆಂಟು ಎರಡರ ಲೆಕ್ಕ ಅದು ಸದಾ ಇಟ್ಟಿರುತ್ತದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ತಾಳೆ ನೋಡಿದ ಹಾಗೆ, ಆದರೆ ಕ್ಷಣಕ್ಷಣಕ್ಕೂ. 30 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲು ತಾಳೆ ತಪ್ಪಿದರೂ ಆ ಕ್ಷಣಕ್ಕೇ ಕರೆಂಟು ಕಡಿಯುತ್ತದೆ. ಅರ್ಥಿಂಗ್ ಸರಿ ಇದ್ದರೆ ಸೋರಿದ ಕರೆಂಟು ನೆಲಕ್ಕೆ ಹೋಗಿ, ನೀವು ಮುಟ್ಟುವ ಮೊದಲೇ ಅದು ಬೀಳುತ್ತದೆ.

ಮಾಳಿಗೆ ಮನೆಗಳಲ್ಲಿ ಮಳೆ ಬಂದಾಗ ಆರ್‌ಸಿಸಿಬಿ ಮೇಲಿಂದ ಮೇಲೆ ಬೀಳುವುದುಂಟು. “ಬರೀ ತ್ರಾಸು ಕೊಡ್ತೈತಿ” ಎಂದು ಅದನ್ನು ತೆಗೆಸಿ ಹಾಕುವವರಿದ್ದಾರೆ. ಅದು ತ್ರಾಸು ಕೊಡುತ್ತಿಲ್ಲ, ಗೋಡೆ ನೆನೆದು ತಂತಿ ಸೋರುತ್ತಿದೆ ಎಂದು ಹೇಳುತ್ತಿದೆ. ಸೋರುವ ತಂತಿ ಬದಲಿಸಿ, ಹೇಳುವವನ ಬಾಯಿ ಮುಚ್ಚಬೇಡಿ. ಅದರ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ, ಟೆಸ್ಟ್ ಬಟನ್. ತಿಂಗಳಿಗೊಮ್ಮೆ ದೊಡ್ಡವರು ಅದನ್ನು ಒತ್ತಿ ನೋಡಬೇಕು. ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಸಾಧನ ಕೆಟ್ಟಿದೆ.

ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್

ಎಷ್ಟೇ ಸಾಧನ ಕೂಡಿಸಿದರೂ ಹತ್ತಿರ ಬಿದ್ದ ಸಿಡಿಲಿಗೆ ಅದು ಪೂರ್ತಿ ಉತ್ತರವಲ್ಲ. ಪ್ಲಗ್ ಕಿತ್ತಿಡುವುದೇ ಉತ್ತರ. ಸ್ವಿಚ್ ಆರಿಸಿದರೆ ಸಾಲದು. ಮೋಡದಿಂದ ನೆಲಕ್ಕೆ ಕಿಲೋಮೀಟರುಗಟ್ಟಲೆ ಜಿಗಿದು ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕಾಳಿನಷ್ಟು ಸಂದು ಯಾವ ಲೆಕ್ಕ? ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೂಡಿಸಿದ್ದೂ ಉಂಟು.

ಟಿವಿಗೆ ಎರಡು ಬಾಗಿಲು. ಒಂದು ಕರೆಂಟಿನ ಪ್ಲಗ್, ಇನ್ನೊಂದು ಮಾಳಿಗೆ ಮೇಲಿನ ಡಿಶ್ಶಿನಿಂದ ಬರುವ ಕೇಬಲ್. ಪ್ಲಗ್ ಕಿತ್ತು ಕೇಬಲ್ ಬಿಟ್ಟರೆ ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಎರಡನ್ನೂ ಬಿಡಿಸಿಡಿ. ಗುಡಿಯ ಮೇಲೆ, ಮೊಬೈಲ್ ಟವರಿನ ಮೇಲೆ ಸಿಡಿಲು ತಡೆಯುವ ಸಲಾಕೆ ಇದೆ, ನಮಗೆ ಭಯವಿಲ್ಲ ಎಂದುಕೊಳ್ಳಬೇಡಿ. ಅದು ಕಾಯುವುದು ಆ ಕಟ್ಟಡವನ್ನು, ನಿಮ್ಮ ಟಿವಿಯನ್ನಲ್ಲ.

ಯಾವಾಗ ಕೀಳಬೇಕು ಎಂಬುದಕ್ಕೆ ಮಕ್ಕಳಿಗೊಂದು ಲೆಕ್ಕ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ, ಗುಡುಗು ಕೇಳುವವರೆಗೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆದ್ದರಿಂದ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವಷ್ಟರಲ್ಲಿ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗೆ ಬಂದಿದೆ, ಮನೆಯೊಳಗೆ ಸೇರುವ ಹೊತ್ತಾಯಿತು. ಪ್ಲಗ್ ಕೀಳುವ ಕೆಲಸ ಅದಕ್ಕೂ ಮೊದಲೇ, ದೂರದಲ್ಲಿ ಮೊದಲ ಗುಡುಗು ಕೇಳಿದಾಗಲೇ ಮುಗಿಯಬೇಕು. ತಲೆಯ ಮೇಲೆ ಗುಡುಗುವಾಗ ಪ್ಲಗ್ಗಿಗೆ, ಕೇಬಲ್ಲಿಗೆ, ನಲ್ಲಿಗೆ ಕೈ ಹಚ್ಚಬಾರದು. ಆಗ ಟಿವಿ ಹೋದರೆ ಹೋಗಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಫೋನಿನಲ್ಲಿ ಇದ್ದರೆ ಸಿಡಿಲು ಹತ್ತಿರ ಬರುತ್ತಿದೆಯೇ ಎಂದು ಅದೂ ಹೇಳುತ್ತದೆ.

ಖರ್ಚಿನ ಸರದಿ

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಿಸಲು ಎಲ್ಲರಿಗೂ ಆಗುವುದಿಲ್ಲ. ಸರದಿ ಇಟ್ಟುಕೊಂಡು ಮಾಡಿ:

1. ಖರ್ಚಿಲ್ಲದ್ದು ಮೊದಲು. ಗುಡುಗು ಕೇಳಿದಾಗ ಪ್ಲಗ್, ಕೇಬಲ್ ಕಿತ್ತಿಡುವುದು. ಕರೆಂಟು ಬಂದ ಮೇಲೆ ಐದು ನಿಮಿಷ ಕಾಯುವುದು. ಅರ್ಥಿಂಗ್ ಗುಂಡಿಗೆ ನೀರು ಹಾಕುವುದು.

2. ಅರ್ಥಿಂಗ್ ಕೊಳವೆ, ಅಲ್ಲಿಂದ ಪ್ರತಿ ಮೂರನೇ ತೂತಿಗೂ ಹಸಿರು ತಂತಿ. ಪೂರ್ತಿ ವೈರಿಂಗು ಬದಲಿಸಲು ಆಗದಿದ್ದರೆ ಫ್ರಿಜ್, ಮೋಟರು, ವಾಷಿಂಗ್ ಮಷಿನ್, ಟಿವಿ ಇರುವ ನಾಲ್ಕು ಕಡೆಗಾದರೂ ಮೊದಲು ಎಳೆಸಿ.

3. ಪಿಂಗಾಣಿ ಫ್ಯೂಜಿನ ಜಾಗಕ್ಕೆ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಇದೇ ಸಮಯದಲ್ಲಿ ಹಳೆಯ ಬೋರ್ಡುಗಳ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸಿ.

4. ಓವರ್ ವೋಲ್ಟೇಜ್ ಪ್ರೊಟೆಕ್ಟರ್.

5. ಎಸ್‌ಪಿಡಿ. ಅದಕ್ಕೆ ಕೂಡಿಸುವ ತಂತಿಗಳು ಎಲ್ಲ ಸೇರಿ ಅರ್ಧ ಮೀಟರಿಗಿಂತ ಉದ್ದ ಇರಬಾರದು. ಉದ್ದವಾದಷ್ಟೂ ಅದರ ಬಲ ಕಡಿಮೆ. ಅದರ ಮೇಲಿನ ಸಣ್ಣ ಕಿಂಡಿಯಲ್ಲಿ ಹಸಿರು ಹೋಗಿ ಕೆಂಪು ಬಂದರೆ ಬಿಲ್ಲೆ ಬದಲಿಸಬೇಕು.

6. ವೋಲ್ಟೇಜ್ ಇಳಿಯುವ ಊರಾದರೆ ಫ್ರಿಜ್ಜಿಗೆ ಸ್ಟೆಬಿಲೈಜರ್.

ನಮ್ಮಲ್ಲಿ ಬಹಳ ಜನ ಆರನೆಯದರಿಂದ ಶುರು ಮಾಡಿ ಎರಡನೆಯದಕ್ಕೆ ಬರುವುದೇ ಇಲ್ಲ. ಅಂಗಡಿಯಲ್ಲಿ ಸಿಗುವುದು ಕಣ್ಣಿಗೆ ಕಾಣುತ್ತದೆ, ನೆಲದೊಳಗೆ ಹೂತದ್ದು ಕಾಣುವುದಿಲ್ಲ. ವಾರಂಟಿ ಇದೆಯಲ್ಲ ಎಂದು ಸುಮ್ಮನಿರುವವರು ಆ ಕಾರ್ಡಿನ ಸಣ್ಣ ಅಕ್ಷರ ಓದಬೇಕು. ವೋಲ್ಟೇಜ್ ಏರುಪೇರಿನಿಂದ, ಸಿಡಿಲಿನಿಂದ ಆದ ಹಾನಿ ಸೇರುವುದಿಲ್ಲ ಎಂದು ಸಾಮಾನ್ಯವಾಗಿ ಬರೆದಿರುತ್ತದೆ.

ಬಾಡಿಗೆ ಮನೆಯಲ್ಲಿ, ಕ್ವಾರ್ಟರ್ಸಿನಲ್ಲಿ ಇರುವವರು ಗೋಡೆ ಒಡೆಸಲಾರರು ನಿಜ. ಆದರೆ ಅರ್ಥಿಂಗ್ ಇಲ್ಲ ಎಂದು ಮನೆ ಮಾಲೀಕರಿಗೆ, ಸಂಬಂಧಪಟ್ಟವರಿಗೆ ಒಂದು ಚೀಟಿ ಬರೆದುಕೊಡಬಹುದು. ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ಮರೆತು ಹೋಗುತ್ತದೆ, ಕಾಗದ ಉಳಿಯುತ್ತದೆ.

ಮಕ್ಕಳೇ, ಮುಂದಿನ ವಾರದೊಳಗೆ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮನೆಯ ಪ್ರತಿ ಸಾಮಾನಿನ ಹೆಸರು, ಅದರ ಮೇಲೆ ಬರೆದ ವೋಲ್ಟ್, ವ್ಯಾಟ್, ಅದರ ಪ್ಲಗ್ಗಿಗೆ ಎಷ್ಟು ಪಿನ್ನು ಎಂಬುದನ್ನು ಬರೆಯಿರಿ. ಕೊನೆಗೊಂದು ಕಾಲಂ ಖಾಲಿ ಬಿಡಿ, ‘ಅರ್ಥಿಂಗ್ ಇದೆ / ಇಲ್ಲ’ ಎಂದು. ಆ ಕಾಲಂ ತುಂಬುವುದು ನಿಮ್ಮ ಕೆಲಸವಲ್ಲ. ನೋಟ್‌ಬುಕ್ಕನ್ನು ಅಪ್ಪನ ಕೈಗೋ ಅವ್ವನ ಕೈಗೋ ಕೊಟ್ಟು, ಇಲೆಕ್ಟ್ರಿಷಿಯನ್ ಕಾಕಾ ಯಾವಾಗ ಬರುತ್ತಾರೆ ಎಂದು ಕೇಳಿ. ಅವರು ಬರುವವರೆಗೆ ದಿನಾ ಕೇಳುತ್ತಿರಿ.